ರಕ್ತ ಒಂಬತ್ತು ಪರ್ಸೆಂಟ್

ಶೇಕಡಾ ಚಿಹ್ನೆಯನ್ನು ಎಲ್ಲಿ ಹಾಕಬೇಕು, ಹೇಗೆ ಹಾಕಬೇಕು ಎಂಬುದಕ್ಕೆ ಒಂದು ಪುಟ ತುಂಬ ನಿಯಮಗಳಿರುತ್ತವೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಹಡಗಲಿಯ ಟೈಪಿಂಗ್ ಶಾಲೆಯಲ್ಲಿ ಹತ್ತಾರು ಹುಡುಗ ಹುಡುಗಿಯರ ಬೆರಳು ತಿದ್ದಿ ತಿದ್ದಿ ಸಾಕಾಗಿ ಬಂದವಳು ನಾನು. ಮೇಲೊಂದು ಸೊನ್ನೆ, ನಡುವೆ ಓರೆಗೆರೆ, ಕೆಳಗೊಂದು ಸೊನ್ನೆ. ಅದರಲ್ಲಿ ಕಲಿಯುವುದೇನಿದೆ ಎಂದುಕೊಂಡಿದ್ದೆ. ಆ ಠೇಂಕಾರ ಇಳಿದದ್ದು ನನ್ನೂರು ಕೊಟ್ಟೂರಿನಲ್ಲೇ, ಶೇಂಗಾ ಎಣ್ಣೆ ಮಿಲ್ಲಿನ ಮೇಲಿನ ಮಹಡಿಯಲ್ಲಿ.

ಎರಡು ಸಾವಿರದ ಇಸವಿಯ ಆಸುಪಾಸು. ಅಮೆರಿಕದ ಡಾಕ್ಟರುಗಳು ರೋಗಿಯನ್ನು ನೋಡಿದ ಮೇಲೆ ಬರೆಯುವ ಗೋಜಿಗೆ ಹೋಗದೆ, ಕಂಡದ್ದನ್ನೆಲ್ಲ ಟೆಲಿಫೋನಿಗೆ ಬಾಯಲ್ಲೇ ಹೇಳಿ ಎದ್ದು ಹೋಗುತ್ತಿದ್ದರು. ಆ ದನಿ ಬೆಂಗಳೂರಿನ ಒಂದು ಆಫೀಸಿಗೆ ಬಂದು, ಅಲ್ಲಿಂದ ತಂತಿ ಹಿಡಿದು ನಮ್ಮ ಕೊಟ್ಟೂರಿಗೂ ಬರುವಂತಾಗಿತ್ತು. ನಮ್ಮ ಹುಡುಗಿಯರು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕಾಲಡಿಯ ಪೆಡಲ್ ಒತ್ತಿ ಆ ದನಿಯನ್ನು ಓಡಿಸುತ್ತ, ನಿಲ್ಲಿಸುತ್ತ, ಹಿಂದಕ್ಕೆಳೆಯುತ್ತ ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು. ಇದಕ್ಕೆ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಎಂದು ಹೆಸರು. ಮನೆಯಲ್ಲಿ ಹೊಲಿಗೆ ಮಷಿನ್ ತುಳಿದವರಿಗೆ ಪೆಡಲ್ ಬೇಗ ಒಲಿಯಿತು. ಅವರು ಮಾಡಿದ್ದನ್ನು ದನಿಯೊಂದಿಗೆ ತಾಳೆ ನೋಡಿ, ತಿದ್ದಿ, ಬೆಂಗಳೂರಿಗೆ ಕಳಿಸುವುದು ನನ್ನ ಕೆಲಸ. ಅಮೆರಿಕದಲ್ಲಿ ರಾತ್ರಿಯಾದಾಗ ನಮಗೆ ಹಗಲು, ಹಾಗಾಗಿ ಬೆಳಗ್ಗೆ ಬಂದದ್ದು ಸಂಜೆಯೊಳಗೆ ಮುಗಿದರೆ ಸಾಕು. ಕರೆಂಟು ಇದ್ದರೆ ಎಂಬುದನ್ನು ನಮ್ಮ ಬಳ್ಳಾರಿ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಬೆಂಗಳೂರಿನವರು ಕೆಲಸ ಕೊಟ್ಟದ್ದು ಪರೀಕ್ಷೆಯ ಮೇಲೆ. ಯುಗಾದಿಯವರೆಗೆ ನಮ್ಮ ಫೈಲುಗಳನ್ನು ಕಂತು ಕಂತಾಗಿ ತೂಗಿ ನೋಡುತ್ತಾರೆ. ಗಂಭೀರ ತಪ್ಪಿದ್ದರೆ ಇಡೀ ಫೈಲಿಗೆ ಸೊನ್ನೆ. ಕೇಳಿಸದ ಕಡೆ ಖಾಲಿ ಗೆರೆ ಬಿಡಬಹುದು, ಆದರೆ ಅದಕ್ಕೂ ಒಂದು ಮಿತಿ ಇತ್ತು. ಕೊನೆಗೆ ತೇರ್ಗಡೆಯಾಗದಿದ್ದರೆ ಕಂಪ್ಯೂಟರುಗಳು ಬೆಂಗಳೂರಿಗೆ ವಾಪಸು, ಮಹಡಿ ಮತ್ತೆ ಶೇಂಗಾ ಚೀಲಗಳಿಗೆ. ನಮಗೆ ಮಹಡಿ ಬಿಟ್ಟುಕೊಟ್ಟವರು ಮಿಲ್ಲಿನ ಸಾಹುಕಾರರು; ಅದು ಬೇಡವೆಂದಿದ್ದ ಅವರ ಅಣ್ಣತಮ್ಮಂದಿರು ಆ ದಿನಕ್ಕೇ ಕಾದಿದ್ದರು.

ನನಗೆ ಮಹಡಿಗಿಂತ ದೊಡ್ಡ ಚಿಂತೆ ಬೇರೆ ಇತ್ತು. ನನ್ನ ಹತ್ತಿರವೇ ಟೈಪಿಂಗ್ ಕಲಿತ ಆ ಹುಡುಗಿಯರನ್ನು ಮನೆಮನೆಗೆ ಹೋಗಿ ಕರೆತಂದವಳು ನಾನು. ಕಾನಹೊಸಹಳ್ಳಿಯಿಂದ ಒಬ್ಬಳು, ಚಿಗಟೇರಿಯಿಂದ ಒಬ್ಬಳು, ಉಳಿದವರು ಊರಿನವರು. ಚಿಗಟೇರಿಯವಳ ಅಪ್ಪ ಕುರಿ ಸಾಕಿದ ಮನುಷ್ಯ. ನಾನು ಹೋದಾಗ ಕಂಬಳಿ ಹಾಸಿ ಕೂರಿಸಿ, ಚಹಾ ಕೊಡಿಸಿ, ನೇರ ಮಾತಿಗೆ ಬಂದ.

“ಟೀಚರ್ರ, ನಾವು ಮೋಡ ನೋಡಿ ನಿಲ್ಲೋ ಮಳಿ ಯಾವ್ದು, ಹೋಗೋ ಮಳಿ ಯಾವ್ದು ಹೇಳ್ತೀವಿ. ನಿಮ್ಮ ಈ ಕೆಲಸ ನಿಲ್ಲೋದೋ ಹೋಗೋದೋ, ಅಷ್ಟು ಹೇಳ್ರಿ.”

“ನಿಲ್ತತಿ,” ಎಂದುಬಿಟ್ಟೆ.

“ಹಂಗಾದ್ರ ಯುಗಾದಿ ತನಕ ಕಳಸ್ತೀನಿ. ನಿಂತ್ರ ಆಕಿ ಅಲ್ಲೇ ದುಡೀಲಿ. ಇಲ್ಲಂದ್ರ ಮನಿಗೆ ಬರ್ಲಿ, ಮನ್ಯಾಗ ಕೆಲಸಕ್ಕೇನು ಬರ ಐತಾ?”

ಹುಡುಗಿ ಬಾಗಿಲ ಹಿಂದೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದು ಎರಡು ವರ್ಷ ಮನೆಯಲ್ಲಿ ಕುಳಿತವಳು ಅವಳು. ನಿಲ್ತತಿ ಎಂದು ಬಾಯಿಬಿಟ್ಟ ಮೇಲೆ ಅದನ್ನು ನಿಲ್ಲಿಸುವುದು ನನ್ನ ಪಾಲಿನದೇ ಆಯಿತು.

ಮೊದಲ ವಾರಗಳ ಜಗಳವೆಲ್ಲ ಟೈಪ್‌ರೈಟರ್ ಕೈಗಳದ್ದು. ನಾನೇ ಕಲಿಸಿದ ಪಾಠ ನನಗೇ ತಿರುಗಿಬಿದ್ದಿತ್ತು. ಟೈಪಿಂಗ್ ಶಾಲೆಯಲ್ಲಿ ಅಂಕಿಯಾದ ಮೇಲೆ ಒಂದು ಜಾಗ ಬಿಟ್ಟು ಶೇಕಡಾ ಚಿಹ್ನೆ ಹೊಡೆಯುವುದು ನಮ್ಮ ಪದ್ಧತಿ. ಬೆಂಗಳೂರಿನಿಂದ ಬಂದ ನಿಯಮದ ಹಾಳೆ ಅಂಕಿಗೂ ಚಿಹ್ನೆಗೂ ನಡುವೆ ಗಾಳಿಯೂ ಆಡಬಾರದು ಎನ್ನುತ್ತಿತ್ತು: 45%. ಹತ್ತರೊಳಗಿನ ಸಂಖ್ಯೆಯನ್ನು ಬೇರೆಡೆ ಅಕ್ಷರದಲ್ಲಿ ಬರೆದರೂ ಶೇಕಡಾ ಜೊತೆಗಾದರೆ ಅಂಕಿಯಲ್ಲೇ ಬರೆಯಬೇಕು: 3%. ಒಂದಕ್ಕಿಂತ ಕಡಿಮೆಯಾದರೆ ಚುಕ್ಕಿಗೆ ಮೊದಲು ಒಂದು ಸೊನ್ನೆ ಬೇಕೇ ಬೇಕು: 0.5%. ಸೊನ್ನೆ ಬಿಟ್ಟರೆ, ಚುಕ್ಕಿ ಮಸುಕಾದ ಕಾಗದದಲ್ಲಿ ಅರ್ಧ ಹೋಗಿ ಐದಾಗುತ್ತದೆ. ಡಾಕ್ಟರು ‘ಇಪ್ಪತ್ತರಿಂದ ಇಪ್ಪತ್ತೈದು ಪರ್ಸೆಂಟ್’ ಎಂದು ಒಂದೇ ಸಲ ಅಂದರೂ ನಾವು ಎರಡು ಕಡೆ ಚಿಹ್ನೆ ಹಾಕಬೇಕು. ವಾಕ್ಯ ಅಂಕಿಯಿಂದ ಶುರುವಾಗಕೂಡದು. ಶುರುವಾಗಲೇಬೇಕಾದರೆ ಅಂಕಿಯನ್ನು ಅಕ್ಷರದಲ್ಲಿ ಬರೆದು, ಚಿಹ್ನೆ ಬಿಟ್ಟು ‘ಪರ್ಸೆಂಟ್’ ಎಂದೇ ಬರೆಯಬೇಕು.

“ಅಲ್ರಿ ಟೀಚರ್ರೀ, ಲಗ್ನದಾಗ ಬೀಗರನ್ನ ಕೂರ್ಸಿದಂಗ ಕೂರಸ್ಬೇಕಲ್ರಿ ಇದನ್ನ,” ಎಂದಳು ಕಾನಹೊಸಹಳ್ಳಿಯವಳು. ಅವಳ ಬಾಯಿಗೆ ಬೀಗವೇ ಇರಲಿಲ್ಲ.

ನಗುತ್ತಲೇ ಕಲಿತರು. ನಿಯಮಗಳನ್ನು ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಬೆಳಗ್ಗೆ ಕೆಲಸಕ್ಕೆ ಮೊದಲು ನಾನು ಬಾಯಲ್ಲಿ ಹೇಳುವುದು, ಅವರು ಬೆರಳಲ್ಲಿ ಹೊಡೆಯುವುದು, ಮಗ್ಗಿ ಹೇಳಿಸಿದಂತೆ. ಹೃದಯ ಒಂದು ಸಲ ಮಿಡಿದಾಗ ತನ್ನೊಳಗಿನ ರಕ್ತದಲ್ಲಿ ಎಷ್ಟು ಪಾಲು ಹೊರಗೆ ತಳ್ಳುತ್ತದೆ ಎಂಬ ಲೆಕ್ಕ ಶೇಕಡಾದಲ್ಲಿ. ಉಸಿರಿನ ಆಮ್ಲಜನಕದ ಲೆಕ್ಕ ಶೇಕಡಾದಲ್ಲಿ. ಸುಟ್ಟ ಗಾಯ ಮೈಯ ಎಷ್ಟು ಭಾಗ ಎಂಬುದೂ ಶೇಕಡಾದಲ್ಲಿ. ಸಂಕ್ರಾಂತಿ ಹೊತ್ತಿಗೆ ನಮ್ಮ ಹುಡುಗಿಯರ ಕೈ ಎಷ್ಟು ಪಳಗಿತೆಂದರೆ, ನಾನು ತಪ್ಪು ಹುಡುಕಲು ಕನ್ನಡಕ ಒರೆಸಿಕೊಂಡು ಕೂರಬೇಕಾಗಿತ್ತು.

ಆ ಹೆಮ್ಮೆಯಲ್ಲಿರುವಾಗಲೇ ಬೆಂಗಳೂರಿನಿಂದ ಫೋನು ಬಂತು. ಅಲ್ಲಿ ನಮ್ಮ ಫೈಲುಗಳನ್ನು ಪರೀಕ್ಷಿಸುವ ಹೆಂಗಸು. ನೋಡಿದ್ದಿಲ್ಲ, ದನಿಯ ಪರಿಚಯ ಮಾತ್ರ.

“ಏನ್ ಮೇಡಂ ಇದು, ನಿಮ್ಮ ಸೆಂಟರ್ ಫೈಲಲ್ಲೆಲ್ಲ ಹಿಮೋಗ್ಲೋಬಿನ್ ಮುಂದೆ ಪರ್ಸೆಂಟ್ ಹಾಕಿದ್ದೀರ? ಡಾಕ್ಟರು ಟೆನ್ ಪಾಯಿಂಟ್ ಟೂ ಅಂತ ಅಷ್ಟೇ ಹೇಳಿದ್ದಾರೆ. ಹೇಳದೇ ಇರೋದನ್ನ ಯಾಕೆ ಸೇರಿಸ್ತೀರ? ಇದು ಗಂಭೀರ ತಪ್ಪು. ಅರ್ಧ ಕಂತಿಗೆ ಸೊನ್ನೆ ಹಾಕಿದ್ದೀನಿ.”

ಫೈಲು ತೆಗೆದು ನೋಡಿದೆ. ಒಬ್ಬಳಲ್ಲ, ಇಬ್ಬರಲ್ಲ, ಎಲ್ಲರೂ ಹಾಕಿದ್ದರು, ಮತ್ತು ಅದನ್ನು ನೋಡಿಯೂ ನನಗೆ ತಪ್ಪೆನಿಸಿರಲಿಲ್ಲ. ಪೆಡಲ್ ಒತ್ತಿ ಮತ್ತೆ ಮತ್ತೆ ಕೇಳಿಸಿಕೊಂಡೆ. ಡಾಕ್ಟರು ಪರ್ಸೆಂಟ್ ಅಂದಿರಲಿಲ್ಲ, ಅದು ಮಾತ್ರ ಖರೆ.

“ಯಾರು ಹೇಳಿದ್ರೇ ನಿಮಗ ಹಾಕ್ರಿ ಅಂತ?” ಎಂದು ಕೂಗಾಡಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

“ಯಾರೂ ಹೇಳಿಲ್ರಿ. ಆದ್ರ ಅದು ಪರ್ಸೆಂಟೇ ಅಲ್ರಿ?” ಎಂದಳು ಚಿಗಟೇರಿಯವಳು. ಅವಳು ಎದುರಾಡಲಿಲ್ಲ, ನಿಜಕ್ಕೂ ಅರ್ಥವಾಗದೆ ಕೇಳಿದಳು. ಉಳಿದವರೂ ಹೌದೆಂಬಂತೆ ನನ್ನ ಮುಖ ನೋಡಿದರು. ಗೋಡೆಯ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ‘ಹಿಮೋಗ್ಲೋಬಿನ್‌ಗೆ ಪರ್ಸೆಂಟ್ ಬೇಡ’ ಎಂದು ಬರೆದೆ. ಆದರೂ ಮುಂದಿನ ಕಂತಿನಲ್ಲಿ ಅದೇ ತಪ್ಪು ಅಲ್ಲೊಂದು ಇಲ್ಲೊಂದು ನುಸುಳಿತು. ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುವವರು ಈ ತಪ್ಪು ಮಾಡುವುದಿಲ್ಲವಂತೆ. ನಮ್ಮವರಿಗೆ ಮಾತ್ರ ಇದೇನು ಗ್ರಹಚಾರ ಎಂದು ತಲೆ ಕೆಟ್ಟುಹೋಯಿತು.

ಆ ದಿನಗಳಲ್ಲೇ ನನ್ನ ತಂಗಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಅವ್ವನ ಮಂಡಿನೋವಿನಿಂದಾಗಿ ತಂಗಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ಪಾಳಿ ನನ್ನದು. ಆದರೂ ಅವ್ವ ಬಿಡದೆ ಜೊತೆಗೆ ಹೊರಟಳು. ಡಾಕ್ಟರು ರಕ್ತಪರೀಕ್ಷೆಯ ಚೀಟಿ ನೋಡಿ, ಕನ್ನಡಕದ ಮೇಲಿಂದ ತಂಗಿಯನ್ನು ನೋಡಿದರು.

“ರಕ್ತ ಒಂಬತ್ತು ಪರ್ಸೆಂಟ್ ಐತಿ ನೋಡವ್ವ. ಸಾಲದು. ಗುಳಿಗಿ ಬಿಡಬ್ಯಾಡ, ಮೆಂತಿ, ಪಾಲಕ, ತಪ್ಪಲಪಲ್ಯ ದಿನಾ ತಿನ್ನು.”

ತಂಗಿಯ ಮುಖ ಸಣ್ಣದಾಯಿತು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. “ಅಯ್ಯೋ ಸಿವನೇ, ನೂರಕ್ಕ ಒಂಬತ್ತ? ಉಳಿದಿದ್ದೆಲ್ಲ ಬರೇ ನೀರೇನ್ರಿ ಡಾಕ್ಟರ್ರ?”

ನಾನು ನಕ್ಕುಬಿಟ್ಟೆ. ತಡೆಯಲಾಗದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅವ್ವ ನನ್ನ ತೋಳಿಗೆ ಒಂದು ಹಾಕಿದಳು. ಡಾಕ್ಟರು ಗಂಟುಮುಖ ಮಾಡಿದರು.

“ಏನಮ್ಮ, ತಂಗಿಗೆ ರಕ್ತ ಕಮ್ಮಿ ಐತಿ ಅಂದ್ರ ನಗು ಬರ್ತತೇನು?”

“ತಪ್ಪು ತಿಳ್ಕಾಬ್ಯಾಡ್ರಿ ಡಾಕ್ಟರ್ರ. ಈ ಒಂಬತ್ತು ಯಾವ ನೂರರಾಗಿಂದು, ಅದನ್ನೊಂದು ಹೇಳಿಬಿಡ್ರಿ, ನಿಮಗ ಪುಣ್ಯ ಬರ್ತತಿ.”

ಅವರು ಹೇಳಿದರು. ನೂರು ಮಿಲಿಲೀಟರ್ ರಕ್ತದಲ್ಲಿ ಒಂಬತ್ತು ಗ್ರಾಂ ಹಿಮೋಗ್ಲೋಬಿನ್. ಗ್ರಾಂ ಪರ್ಸೆಂಟ್ ಎನ್ನುವುದು ಹಳೆಯ ರೂಢಿ. ಅವರು ಓದುವಾಗಲೂ ಹಾಗೇ ಹೇಳುತ್ತಿದ್ದರು, ನಮ್ಮ ಕಡೆ ಲ್ಯಾಬಿನವರು ಇವತ್ತಿಗೂ ಹಾಗೇ ಬರೆಯುತ್ತಾರೆ. ಗ್ರಾಂ ಎನ್ನುವುದು ಬಾಯಿಮಾತಿನಲ್ಲಿ ಉದುರಿ ಪರ್ಸೆಂಟ್ ಮಾತ್ರ ಉಳಿದಿದೆ. “ನೂರಕ್ಕ ನೂರು ಯಾರಿಗೂ ಇರಂಗಿಲ್ಲ. ಹನ್ನೆರಡು ಹದಿಮೂರು ಇದ್ರ ಗಟ್ಟಿ ಹೆಣಮಗಳು. ಬಂದೋರಿಗೆಲ್ಲ ಇಷ್ಟು ಪಾಠ ಹೇಳ್ಕೋತ ಕುಂತ್ರ ಸಾಲು ಬಸ್‌ಸ್ಟ್ಯಾಂಡ್ ಮುಟ್ತತಿ,” ಎಂದು ಅವರೂ ನಕ್ಕರು. ಅವ್ವನಿಗೆ ಜೀವ ಬಂತು. ನೂರಕ್ಕೆ ಒಂಬತ್ತಲ್ಲ, ಹನ್ನೆರಡಕ್ಕೆ ಒಂಬತ್ತು ಎಂದು ದಾರಿಯುದ್ದಕ್ಕೂ ತಂಗಿಗೆ ತಾನೇ ಧೈರ್ಯ ಹೇಳುತ್ತ ಬಂದಳು.

ಮಹಡಿಗೆ ಬಂದವಳೇ ಎಲ್ಲರ ಹೆಡ್‌ಫೋನ್ ತೆಗೆಸಿದೆ. “ನಿಮ್ಮ ಮನ್ಯಾಗ ಯಾರಿಗರ ರಕ್ತ ಪರೀಕ್ಷಾ ಮಾಡ್ಸೀರೇನು?” ಎಂದು ಕೇಳಿದೆ. ಅತ್ತಿಗೆಗೆ ಎಂಟು ಪರ್ಸೆಂಟ್, ದೊಡ್ಡವ್ವಗೆ ಹತ್ತು ಪರ್ಸೆಂಟ್, ನಮ್ಮಪ್ಪಗೆ ಹದಿನಾಲ್ಕು ಪರ್ಸೆಂಟ್ ಎಂದು ಒಬ್ಬೊಬ್ಬರೂ ಹೇಳುತ್ತ ಹೋದವರು, ತಮ್ಮ ಮಾತು ತಾವೇ ಕೇಳಿಸಿಕೊಂಡು ಬಾಯಿ ಮೇಲೆ ಕೈಯಿಟ್ಟುಕೊಂಡರು. ಡಾಕ್ಟರು ಬರೀ ‘ಟೆನ್ ಪಾಯಿಂಟ್ ಟೂ’ ಎಂದಾಗ ಪರ್ಸೆಂಟ್ ಸೇರಿಸಿದ್ದು ನಮ್ಮ ಓಣಿಗಳೇ. ಕಾನಹೊಸಹಳ್ಳಿಯವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಾರಣ ತಿಳಿದ ಮೇಲೆ ಕೆಂಪು ಶಾಯಿ ಬೇಕಾಗಲಿಲ್ಲ. ಡಾಕ್ಟರು ಅಂದದ್ದಷ್ಟೇ ಬರೆಯುವುದು, ನಮಗೆ ಗೊತ್ತೆಂದು ಒಂದು ಚುಕ್ಕಿಯನ್ನೂ ಕೂಡಿಸದಿರುವುದು ಎಂದು ಒಪ್ಪಂದವಾಯಿತು. ಆಮೇಲಿನ ಕಂತುಗಳು ಒಂದಾದ ಮೇಲೊಂದು ಪಾಸಾದವು.

ಹೋಳಿ ಮುಗಿದು ಬಿಸಿಲು ಏರಿತ್ತು. ಕೊನೆಯ ಕಂತು ಬಂತು. ಅದರಲ್ಲಿ ಒಬ್ಬ ಡಾಕ್ಟರಿಗೆ ನೆಗಡಿ, ಸಾಲದ್ದಕ್ಕೆ ಏನೋ ಅಗಿಯುತ್ತ ಮಾತಾಡಿದ್ದರು. ಅವರ ದೆಸೆಯಿಂದ ಬಿಡಬಹುದಾದಷ್ಟು ಖಾಲಿಗಳನ್ನು ಆಗಲೇ ಬಿಟ್ಟು ಮುಗಿಸಿದ್ದೆವು. ಇನ್ನೊಂದು ಬಿಟ್ಟರೆ ಮಿತಿ ಮೀರಿದಂತೆ. ಕಂತು ಕಳಿಸುವ ಹೊತ್ತಿಗೆ ಸರಿಯಾಗಿ ಚಿಗಟೇರಿಯವಳು ಕೈಯೆತ್ತಿದಳು.

“ಟೀಚರ್ರೀ, ಇಲ್ಲಿ ಬರ್ರಿ. ಈ ಡಾಕ್ಟರು ಹಿಮೋಗ್ಲೋಬಿನ್‌ಗೆ ಪರ್ಸೆಂಟ್ ಅಂತ ಬಾಯಿಬಿಟ್ಟು ಅಂದಾರ. ಎರಡು ಸಲ. ತಗೀಲಾ, ಇಡ್ಲಾ?”

ಹೆಡ್‌ಫೋನ್ ಹಾಕಿಕೊಂಡೆ. ವಯಸ್ಸಾದ ದನಿ, ಸ್ಪಷ್ಟ ಮಾತು. ರೋಗಿ ಒಬ್ಬ ಮುದುಕ. ಅವನ ಹಿಮೋಗ್ಲೋಬಿನ್ ಕಳೆದ ಸಲ ಒಂಬತ್ತು ಪಾಯಿಂಟ್ ಒಂದು ಪರ್ಸೆಂಟ್ ಇತ್ತು, ಈ ಸಲ ಏಳು ಪಾಯಿಂಟ್ ಎಂಟು ಪರ್ಸೆಂಟಿಗೆ ಇಳಿದಿದೆ, ಬಹಳ ಸಂತೋಷ, ಇದೇ ಔಷಧಿ ಮುಂದುವರಿಸುವುದು ಎಂದು ಹೇಳಿದ್ದರು.

ರಕ್ತ ಇಳಿದರೆ ಯಾವ ಡಾಕ್ಟರು ಸಂತೋಷಪಡುತ್ತಾನೆ? ಮೇಲೆ ಔಷಧಿಗಳ ಸಾಲು ನೋಡಿದೆ. ಎಲ್ಲ ಸಕ್ಕರೆ ಕಾಯಿಲೆಯವು. ಎ-ಒನ್-ಸಿ ಎಂದು ಹಿಮೋಗ್ಲೋಬಿನ್ನಿನದೇ ಇನ್ನೊಂದು ಪರೀಕ್ಷೆ ಇದೆ. ಕಳೆದ ಮೂರು ತಿಂಗಳಲ್ಲಿ ಸಕ್ಕರೆ ಎಷ್ಟು ಹತೋಟಿಯಲ್ಲಿತ್ತು ಎಂದು ಹೇಳುವ ಲೆಕ್ಕ ಅದು, ನಿಜಕ್ಕೂ ಶೇಕಡಾದಲ್ಲೇ ಬರುತ್ತದೆ, ಇಳಿದರೆ ಒಳ್ಳೆಯದು. ಅವರು ಅದನ್ನೇ ಹೇಳಹೊರಟು ಎ-ಒನ್-ಸಿ ಎಂಬುದನ್ನು ಬಿಟ್ಟಿರಬೇಕು. ಇರಬೇಕು ಎಂದೆ, ಹೌದು ಎಂದಲ್ಲ.

ನಮ್ಮ ಗೋಡೆಯ ಕೆಂಪು ಸಾಲಿನಂತೆ ಪರ್ಸೆಂಟ್ ತೆಗೆದರೆ ಮುದುಕನ ರಕ್ತ ಕಡಿಮೆಯಾಗುತ್ತಿದೆ ಎಂದಾಗುತ್ತದೆ. ಅಂದದ್ದನ್ನು ಅಂದಂತೆ ಇಟ್ಟು ಸುಮ್ಮನಾದರೆ ಬೆಂಗಳೂರಿನವರು ದನಿ ಕೇಳುವ ಗೋಜಿಗೂ ಹೋಗದೆ, ಇದು ಕೊಟ್ಟೂರಿನವರ ಹಳೇ ಚಾಳಿ ಎಂದು ಸೊನ್ನೆ ಎಳೆಯುತ್ತಾರೆ. ನಾನೇ ಎ-ಒನ್-ಸಿ ಎಂದು ಸೇರಿಸಿದರೆ ಓದುವವರಿಗೆ ಸಂಶಯವೇ ಬರುವುದಿಲ್ಲ, ಅಂಕವೂ ಹೋಗುವುದಿಲ್ಲ. ಒಂದು ಕ್ಷಣ ಕೈ ಅತ್ತಲೇ ಹೋಯಿತು. ಆದರೆ ಡಾಕ್ಟರು ಆಡದ ಮಾತನ್ನು ನಮಗೆ ಗೊತ್ತೆಂದು ಸೇರಿಸುವುದಾದರೆ, ಓಣಿಯ ಪರ್ಸೆಂಟ್ ಸೇರಿಸಿದ್ದಕ್ಕೂ ಇದಕ್ಕೂ ಏನು ಫರಕು? ಉಳಿದದ್ದು ಒಂದೇ ದಾರಿ. ಅಂದದ್ದನ್ನು ಅಂದಂತೆ ಬರೆದು, ಪಕ್ಕದಲ್ಲಿ ಗುರುತು ಹಾಕಿ, ಇದು ಯಾವ ಪರೀಕ್ಷೆ, ದಯವಿಟ್ಟು ನೋಡಿ ಹೇಳಿ ಎಂದು ಡಾಕ್ಟರನ್ನೇ ಕೇಳುವುದು. ಅಂಥ ಗುರುತೂ ಖಾಲಿಯ ಲೆಕ್ಕಕ್ಕೇ ಸೇರಿ ಮಿತಿ ಮೀರುತ್ತದೆ.

ಸುದ್ದಿ ಕೇಳಿ ಸಾಹುಕಾರರು ಮೆಟ್ಟಿಲು ಹತ್ತಿ ಬಂದರು. ಒಳ್ಳೆಯ ಮನುಷ್ಯ, ಆದರೆ ಅಂದು ಕುರ್ಚಿ ಕೊಟ್ಟರೂ ಕೂರಲಿಲ್ಲ.

“ಏನ್ರಿ ಟೀಚರ್ರ, ದಂಡಿಗೆ ಬಂದು ದೋಣಿ ಮುಳುಗಿಸ್ತೀರೇನು? ನಿಮಗ ಗೊತ್ತೈತಲ್ಲ ಅದು ಸಕ್ರಿ ಪರೀಕ್ಷಾ ಅಂತ. ಬರದು ಕಳಿಸ್ರಿ. ಯಾರು ಕೇಳ್ತಾರ?”

“ಗೊತ್ತಿಲ್ರಿ ಸಾವ್ಕಾರ್ರ. ಅನ್ನಿಸ್ತತಿ ಅಷ್ಟ.”

ಹುಡುಗಿಯರೆಲ್ಲ ಕೈಕಟ್ಟಿ ಕುಳಿತಿದ್ದರು. ನಾನು ಚಿಗಟೇರಿಯವಳನ್ನು ನೋಡಿದೆ. ಯುಗಾದಿ ಎದುರಿಗೇ ಇತ್ತು. ಅವಳ ಅಪ್ಪನಿಗೆ ನಾನಾಡಿದ ಮಾತು ಆ ಒಂದು ಗುರುತಿನ ಮೇಲೆ ನಿಂತಿತ್ತು, ಮತ್ತು ಅದು ಅವಳಿಗೂ ಗೊತ್ತಿತ್ತು.

“ಕೇಳೇ ಕಳಿಸ್ರಿ ಟೀಚರ್ರೀ,” ಎಂದಳು. “ಕೆಲಸ ಹೋತಂದ್ರ ನಾನು ಮನಿಗೆ ಹೋಗ್ತೀನಿ. ಆದ್ರ ಇದನ್ನ ತಪ್ಪು ತಿಳ್ಕಂಡು ಆ ಅಜ್ಜಗ ಯಾರರ ಸುಮ್ಸುಮ್ನ ರಕ್ತ ಏರಿಸಿದ್ರ?”

ಸಾಹುಕಾರರು ಟೋಪಿ ತೆಗೆದು ತಲೆ ಕೆರೆದುಕೊಂಡು, ಸರಿ ಎಂಬಂತೆ ಕೈಯಾಡಿಸಿ ಕೆಳಗಿಳಿದರು. ನಾನು ಗುರುತು ಹಾಕಿದೆ. ಫೋನ್ ಲೈನು ಮೂರು ಸಲ ಕಡಿದು, ನಾಲ್ಕನೆಯದಕ್ಕೆ ಕಂತು ಹೋಯಿತು.

ಮುಂದಿನ ದಿನಗಳನ್ನು ಹೇಗೆ ಕಳೆದೆವೋ ದೇವರಿಗೇ ಗೊತ್ತು. ಕೆಲಸ ಬರುತ್ತಿರಲಿಲ್ಲ. ಹುಡುಗಿಯರು ಬಂದು ಹಳೆಯ ಫೈಲುಗಳನ್ನೇ ಅಭ್ಯಾಸಕ್ಕೆಂದು ಟೈಪ್ ಮಾಡುತ್ತಿದ್ದರು. ಕೆಳಗಿನ ಮಿಲ್ಲಿನವರು ಚೀಲ ಎಲ್ಲೆಲ್ಲಿ ಪೇರಿಸಬಹುದೆಂದು ಮೆಟ್ಟಿಲಿನಿಂದ ಇಣುಕಿ ಅಂದಾಜು ಮಾಡಿ ಹೋಗುತ್ತಿದ್ದರು. ಯುಗಾದಿಗೆಂದು ಊರೆಲ್ಲ ಸುಣ್ಣ ಬಳಿಯುವ ಗಡಿಬಿಡಿಯಲ್ಲಿರುವಾಗ ಒಂದು ಮಧ್ಯಾಹ್ನ ಫೋನು ಬಂತು.

“ಮೇಡಂ, ಆ ಡಾಕ್ಟರಿಂದ ಉತ್ತರ ಬಂದಿದೆ,” ಎಂದಿತು ಬೆಂಗಳೂರಿನ ದನಿ. “ಅದು ಎ-ಒನ್-ಸಿನೇ. ಅವರು ಹೇಳೋಕೆ ಮರೆತಿದ್ರಂತೆ. ಕೇಳಿದ್ದು ಒಳ್ಳೇದಾಯ್ತು ಅಂತ ಬರೆದಿದ್ದಾರೆ. ಅವರ ಮರೆವಿಗೆ ನಿಮಗೆ ಯಾಕೆ ಅಂಕ ಕಳೀಲಿ? ಆ ಗುರುತನ್ನ ಲೆಕ್ಕದಿಂದ ತೆಗೆದಿದ್ದೀನಿ.”

“ಅಂದ್ರ?”

“ಅಂದ್ರೆ ಪಾಸು. ಹಬ್ಬ ಮುಗಿಸ್ಕೊಂಡು ಶುರು ಮಾಡಿ, ಕೆಲಸ ನಿಮ್ಮದೇ. ಸಕ್ಕರೆ ಕಾಯಿಲೆ ಡಾಕ್ಟರುಗಳ ಫೈಲೆಲ್ಲ ನಿಮ್ಮ ಸೆಂಟರಿಗೇ ಕಳಿಸ್ತೀವಿ.”

ನಾನು ಬಾಯಿ ತೆರೆಯುವ ಮೊದಲೇ ನನ್ನ ಮುಖ ನೋಡಿ ಹುಡುಗಿಯರು ಕಿರುಚಿದರು. ಕಾನಹೊಸಹಳ್ಳಿಯವಳು ಕುರ್ಚಿ ಉರುಳಿಸಿದಳು. ಚಿಗಟೇರಿಯವಳು ಕಿರುಚಲಿಲ್ಲ, ಕೀಬೋರ್ಡಿನ ಮೇಲೆ ತಲೆಯಿಟ್ಟು ಅತ್ತಳು. ಅವಳ ಬೆನ್ನ ಮೇಲೆ ಕೈಯಿಟ್ಟು, “ನಿಂತಿತು ಅಂತ ನಿಮ್ಮಪ್ಪಗ ಹೇಳು,” ಎಂದೆ. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವುದೇನಿದೆ?

ಆ ಗದ್ದಲದಲ್ಲೇ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ನನ್ನ ತಂಗಿ, ತುಂಬಿದ ಹೊಟ್ಟೆ ಹೊತ್ತು ಆಸ್ಪತ್ರೆಯಿಂದ ಸೀದಾ ಇಲ್ಲಿಗೇ ಬಂದಿದ್ದಳು. ಹಿಂದೆ ಮಂಡಿ ಹಿಡಿದುಕೊಂಡು ಅವ್ವ.

“ಅಕ್ಕಾ, ರಕ್ತ ಹನ್ನೊಂದು ಪರ್ಸೆಂಟ್ ಆಗೇತಂತ!”

ಮಹಡಿಯ ಅಷ್ಟೂ ಹುಡುಗಿಯರು ಒಂದೇ ಬಾಯಿಂದ “ಪರ್ಸೆಂಟ್ ತಗೀರಿ!” ಎಂದು ಕೂಗಿದರು. ತಂಗಿ ಕಕ್ಕಾಬಿಕ್ಕಿಯಾಗಿ ಬಾಗಿಲಲ್ಲೇ ನಿಂತಳು.

“ಏ, ಬ್ಯಾಡ, ಹಂಗೇ ಇರ್ಲಿ,” ಎಂದೆ ನಾನು ಕಣ್ಣೊರೆಸಿಕೊಳ್ಳುತ್ತ. “ಆಕಿಯ ಡಾಕ್ಟರು ಹಂಗೇ ಅಂದಾರ.”